ನಾಲ್ಕು ವರ್ಷದ ದುಡಿಮೆಗೆ ಸಾಕ್ಷಿ ಹುಡುಕಿದ ಕಥೆ

ಕ್ಯಾಲಿಫೋರ್ನಿಯಾದಲ್ಲಿ ಏಳು ವರ್ಷ ಬೇರೆಯವರ ಕೈಕೆಳಗೆ ಟೈಲ್ಸ್ ಹಾಕಿದ ಮೇಲೆ, 2023ರಲ್ಲಿ ನನ್ನ ಹೆಸರಿಗೇ ಗುತ್ತಿಗೆದಾರನ ಲೈಸೆನ್ಸ್ ಬಂತು. ಟೈಲ್ಸ್ ಕೆಲಸದ ವರ್ಗವನ್ನು ಅಲ್ಲಿ ಸಿ-54 ಎನ್ನುತ್ತಾರೆ. ಅಂದಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: ಪರೀಕ್ಷೆ ಕಷ್ಟವೇ? ಪರೀಕ್ಷೆಗೆ ನಾನು ಓದಿದ್ದು ಆರು ವಾರ. ನಾನು ಈ ಕೆಲಸ ಬಲ್ಲವನು ಎಂದು ಕಾಗದದ ಮೇಲೆ ತೋರಿಸಲು ಅಲೆದದ್ದು ಐದು ತಿಂಗಳು. ಹಾಗಾಗಿ ಆ ಅಲೆದಾಟದ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಅಮೆರಿಕದಲ್ಲಿ ಈ ಲೈಸೆನ್ಸಿಗೆ ದೇಶಕ್ಕೆಲ್ಲ ಒಂದೇ ಕಾನೂನು ಇಲ್ಲ. ಟೆಕ್ಸಾಸ್‌ನಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್ ಮುಂತಾದವರಿಗೆ ರಾಜ್ಯದ ಲೈಸೆನ್ಸ್ ಬೇಕು. ಮನೆ ಕಟ್ಟಿಸುವ ಸಾಮಾನ್ಯ ಗುತ್ತಿಗೆದಾರನಿಗೆ ರಾಜ್ಯಮಟ್ಟದಲ್ಲಿ ಅಂಥದ್ದಿಲ್ಲ. ಕ್ಯಾಲಿಫೋರ್ನಿಯಾ ಬಿಗಿ. ಅಲ್ಲಿ 1929ರಿಂದಲೇ ಗುತ್ತಿಗೆದಾರರ ಲೈಸೆನ್ಸಿಗೆಂದು ರಾಜ್ಯ ಮಂಡಳಿಯೊಂದು ನಡೆಯುತ್ತಿದೆ. ರಸ್ತೆ, ಸೇತುವೆಯಂಥ ಎಂಜಿನಿಯರಿಂಗ್ ಕಾಮಗಾರಿಗೆ ಎ, ಕಟ್ಟಡಕ್ಕೆ ಬಿ, ಬಣ್ಣ, ವಿದ್ಯುತ್, ಕೊಳಾಯಿ, ಟೈಲ್ಸ್‌ಗಳಂಥ ಒಂದೊಂದು ಕಸುಬಿಗೂ ಸಿ ವರ್ಗದಲ್ಲಿ ಒಂದೊಂದು ಸಂಖ್ಯೆ.

ನನ್ನನ್ನು ಲೈಸೆನ್ಸಿನ ದಾರಿಗೆ ತಳ್ಳಿದ್ದು ಜೊತೆಗಾರನೊಬ್ಬನ ಪಾಡು. ಲೈಸೆನ್ಸ್ ಇಲ್ಲದೆಯೇ ಅವನು ರಜಾದಿನಗಳಲ್ಲಿ ಎರಡು ಸ್ನಾನದ ಮನೆಗಳ ಕೆಲಸ ಒಪ್ಪಿಕೊಂಡ. ಮಾಲೀಕರು ಅರ್ಧ ಹಣ ಕೊಟ್ಟು ಉಳಿದದ್ದನ್ನು ನಿಲ್ಲಿಸಿದರು. ವಕೀಲರ ಬಳಿ ಹೋದರೆ ಅವರು ರಾಜ್ಯದ ಕಾಯಿದೆಯ 7031ನೆಯ ಸೆಕ್ಷನ್ ತೋರಿಸಿದರು. ಲೈಸೆನ್ಸ್ ಇಲ್ಲದವನು ಬಾಕಿ ಕೂಲಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ. ಅಷ್ಟೇ ಅಲ್ಲ, ಗ್ರಾಹಕ ಆವರೆಗೆ ಕೊಟ್ಟ ಹಣವನ್ನೂ ಪೂರ್ತಿ ವಾಪಸು ಕೇಳಬಹುದು. ಕೆಲಸ ಎಷ್ಟೇ ಅಚ್ಚುಕಟ್ಟಾಗಿರಲಿ, ಅದು ಲೆಕ್ಕಕ್ಕೆ ಬರುವುದಿಲ್ಲ. ಅವನು ಹಾಕಿದ ಗೋಡೆಯನ್ನು ನಾನು ಕಣ್ಣಾರೆ ನೋಡಿದ್ದೆ, ಒಂದು ಟೈಲ್ಸೂ ಏರುಪೇರಾಗಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಗ ಲೈಸೆನ್ಸ್ ಇಲ್ಲದವರಿಗೆ ಬಿಟ್ಟಿದ್ದ ಮಿತಿ ಸಾಮಗ್ರಿ, ಕೂಲಿ ಎರಡೂ ಸೇರಿ 500 ಡಾಲರ್‌ಗಿಂತ ಕಡಿಮೆಯ ಕೆಲಸ. 2025ರಿಂದ ಅದು 1,000 ಡಾಲರ್ ಆಗಿದೆ. ಅದೂ ಕಟ್ಟಡದ ಪರ್ಮಿಟ್ ಬೇಕಿಲ್ಲದ, ಕೆಲಸಗಾರರನ್ನು ಇಟ್ಟುಕೊಳ್ಳದೆ ಮಾಡುವ ಕೆಲಸಕ್ಕೆ ಮಾತ್ರ.

ಅರ್ಜಿಯ ಮುಖ್ಯ ಷರತ್ತು ಹೀಗಿದೆ: ಕಳೆದ ಹತ್ತು ವರ್ಷಗಳೊಳಗೆ ಕನಿಷ್ಠ ನಾಲ್ಕು ವರ್ಷ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಕುಶಲ ಕೆಲಸಗಾರನಾಗಿಯೋ ಮೇಸ್ತ್ರಿಯಾಗಿಯೋ ದುಡಿದಿರಬೇಕು. ಗಾರೆ ಕಲಸಿಕೊಟ್ಟ, ಟೈಲ್ಸ್ ಹೊತ್ತುಕೊಟ್ಟ ವರ್ಷಗಳು ಇದರಲ್ಲಿ ಸೇರುವುದಿಲ್ಲ. ನನ್ನ ಏಳು ವರ್ಷಗಳಲ್ಲಿ ಮೊದಲ ಎರಡು ಹೀಗೆ ಕಳಚಿಕೊಂಡವು. ಉಳಿದ ಐದರಲ್ಲಿ ಸುಮಾರು ಒಂದು ವರ್ಷ ಮಾಲೀಕರು ನಗದಾಗಿ ಕೂಲಿ ಕೊಟ್ಟಿದ್ದರು, ಚೀಟಿಯಿಲ್ಲ, ರಸೀದಿಯಿಲ್ಲ. ಸರಿಯಾಗಿ ನಾಲ್ಕಕ್ಕೆ ಬಂದು ನಿಂತೆ. ಒಂದು ತಿಂಗಳು ಹೆಚ್ಚುಕಡಿಮೆಯಾದರೂ ಅರ್ಜಿ ಬಿದ್ದುಹೋಗುತ್ತಿತ್ತು.

ಈ ಅನುಭವಕ್ಕೆ ಒಬ್ಬರು ಸಹಿ ಹಾಕಬೇಕು. ಹಳೆಯ ಮಾಲೀಕರ ಬಳಿ ಹೋದೆ. ಮುಂದಿನ ವಾರ ಬಾ ಎಂದರು. ಮೂರು ಸಲ ಹೋದ ಮೇಲೆ, ನಾಳೆ ನನಗೇ ಪೈಪೋಟಿ ಕೊಡುವವನಿಗೆ ನಾನೇಕೆ ಸಹಿ ಹಾಕಲಿ ಎಂದು ನೇರವಾಗಿಯೇ ಹೇಳಿದರು. ಐದು ವರ್ಷ ಅವರ ಹೆಸರು ಉಳಿಸಲು ಮೊಣಕಾಲೂರಿ ದುಡಿದವನಿಗೆ ಆ ಮಾತು ಇಂದಿಗೂ ನೋವು ಕೊಡುತ್ತದೆ. ಆದರೆ ಸಹಿ ಮಾಲೀಕರದೇ ಆಗಬೇಕಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಕೆಲಸವನ್ನು ಖುದ್ದು ಕಂಡ ಸಹೋದ್ಯೋಗಿ, ಬೇರೆ ಗುತ್ತಿಗೆದಾರ, ಕಟ್ಟಡ ಪರಿಶೀಲಕ, ಎಂಜಿನಿಯರ್, ವಾಸ್ತುಶಿಲ್ಪಿ ಇವರಲ್ಲಿ ಯಾರಾದರೂ ಸಾಕು. ಇದು ಮೊದಲೇ ತಿಳಿದಿದ್ದರೆ ಮೂರು ತಿಂಗಳು ಉಳಿಯುತ್ತಿದ್ದವು. ಕೊನೆಗೆ ನನ್ನ ಪಕ್ಕದಲ್ಲೇ ನಾಲ್ಕು ವರ್ಷ ಟೈಲ್ಸ್ ಸಂದಿಗಳಿಗೆ ಗ್ರೌಟ್ ತುಂಬಿದ ಹಿರಿಯ ಕೆಲಸಗಾರರೊಬ್ಬರು ಸಹಿ ಹಾಕಿದರು. ಸಹಿ ಸಿಕ್ಕರೆ ಮುಗಿಯಿತು ಎಂದೂ ಅಲ್ಲ. ಮಂಡಳಿ ಕೆಲವು ಅರ್ಜಿಗಳನ್ನು ಆರಿಸಿ ಆಳವಾಗಿ ತನಿಖೆ ಮಾಡುತ್ತದೆ. ಅದಕ್ಕಾಗಿ ವಾರ್ಷಿಕ ಸಂಬಳದ ಡಬ್ಲ್ಯೂ-2 ಪತ್ರ, ಸಂಬಳದ ಚೀಟಿ, ಕೆಲಸ ನಡೆದ ಮನೆಗಳ ಪರ್ಮಿಟ್ ಪ್ರತಿ ಎಲ್ಲವನ್ನೂ ವರ್ಷವಾರು ಜೋಡಿಸಿಟ್ಟುಕೊಂಡೆ.

ಅರ್ಜಿ ಶುಲ್ಕ 450 ಡಾಲರ್. ಬೆರಳಚ್ಚು ಕೊಟ್ಟು ಪರೀಕ್ಷೆಗೆ ಕುಳಿತೆ. ಎರಡು ಪತ್ರಿಕೆ: ಒಂದು ಕಸುಬಿನದು, ಇನ್ನೊಂದು ಕಾನೂನು ಮತ್ತು ವ್ಯವಹಾರದ್ದು. ಕಸುಬಿನದು ಕೈಗೆ ಗೊತ್ತಿದ್ದ ವಿಷಯ. ಕಾನೂನಿನ ಪತ್ರಿಕೆಗೆ ಮಾತ್ರ ಮೈಯೆಲ್ಲ ಕಣ್ಣಾಗಿ ಓದಬೇಕಾಯಿತು, ಓದಿದ್ದು ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಮನೆ ದುರಸ್ತಿಯ ಕೆಲಸಕ್ಕೆ ಮುಂಗಡವಾಗಿ ಒಪ್ಪಂದದ ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಉಪಗುತ್ತಿಗೆಯಲ್ಲಿ ದುಡಿಯುವವನು ಕೆಲಸ ಶುರುವಾದ 20 ದಿನಗಳೊಳಗೆ ಮನೆಯ ಮಾಲೀಕರಿಗೆ ಪ್ರಾಥಮಿಕ ನೋಟಿಸ್ ಕಳುಹಿಸಬೇಕು. ತಡಮಾಡಿದರೆ ಬಾಕಿ ಹಣಕ್ಕಾಗಿ ಆ ಆಸ್ತಿಯ ಮೇಲೆ ಹಕ್ಕು ಸಾಧಿಸುವ ಅವಕಾಶ ಕುಂದುತ್ತದೆ.

ಪಾಸಾದ ಮೇಲೆ 200 ಡಾಲರ್ ಕಟ್ಟಿ, 25,000 ಡಾಲರ್ ಬಾಂಡ್, ಅಂದರೆ ಕಂಪನಿಯೊಂದು ಬರೆದುಕೊಡುವ ಖಾತರಿ ಪತ್ರ, ಒದಗಿಸಿದೆ. ಅಷ್ಟೂ ಹಣ ಕಟ್ಟಬೇಕೆಂದು ಹೆದರಿದ್ದೆ. ಕಟ್ಟುವುದು ಅದರ ಸಣ್ಣ ಪಾಲಿನ ವಾರ್ಷಿಕ ಪ್ರೀಮಿಯಂ. ಆದರೆ ಬಾಂಡ್ ನನಗೆ ರಕ್ಷಣೆಯಲ್ಲ, ಅದು ಗ್ರಾಹಕರಿಗಾಗಿ. ನನ್ನ ತಪ್ಪಿಗೆ ಬಾಂಡ್ ಕಂಪನಿ ಪರಿಹಾರ ಕೊಟ್ಟರೆ ಆ ಹಣವನ್ನು ನಾನು ಕಂಪನಿಗೆ ತೀರಿಸಬೇಕು. ಹೊಣೆಗಾರಿಕೆಯ ವಿಮೆಯನ್ನು ಬೇರೆಯಾಗಿ ಮಾಡಿಸಿದೆ.

ಈಗ ನನ್ನ ಬಳಿ ಇಬ್ಬರು ಕೆಲಸಗಾರರಿದ್ದಾರೆ, ಇಬ್ಬರಿಗೂ ಕಾರ್ಮಿಕ ಪರಿಹಾರ ವಿಮೆ ಇದೆ. ಕೂಲಿ ಚೆಕ್ಕಿನಲ್ಲೇ ಕೊಡುತ್ತೇನೆ. ಪ್ರತಿ ಡಿಸೆಂಬರಿನಲ್ಲಿ, ಆ ವರ್ಷ ಯಾವ ಯಾವ ಮನೆಯಲ್ಲಿ, ಯಾವ ಕೆಲಸವನ್ನು, ಎಷ್ಟು ತಿಂಗಳು ತಾವೇ ನಿಂತು ಮಾಡಿದರು ಎಂದು ಬರೆದು ಸಹಿ ಹಾಕಿ ಅವರ ಕೈಗೆ ಕೊಡುತ್ತೇನೆ. ಅವರಲ್ಲಿ ಒಬ್ಬರು ಬೇರೆಡೆ ದುಡಿದ ವರ್ಷಗಳೂ ಸೇರಿ ಬರುವ ಮಾರ್ಚಿಗೆ ನಾಲ್ಕು ವರ್ಷ ತುಂಬುತ್ತದೆ. ಅರ್ಜಿಯ ಫಾರಂ ಈಗಾಗಲೇ ನನ್ನ ಮೇಜಿನ ಮೇಲಿದೆ.