ಸತ್ತ ಲ್ಯಾಂಪುಗಳ ಪೆಟ್ಟಿಗೆ

ತಿಪಟೂರಿನ ನನ್ನ ಅಂಗಡಿಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರ ತುಂಬ ಸತ್ತ ಪ್ರೊಜೆಕ್ಟರ್ ಲ್ಯಾಂಪುಗಳು. ಒಂದೊಂದರ ಮೇಲೂ ಬಿಳಿ ಟೇಪ್ ಅಂಟಿಸಿ ಎಷ್ಟು ಗಂಟೆ ಉರಿಯಿತು, ಹೇಗೆ ಹೋಯಿತು ಅಂತ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ನೋಡಿದವರು ‘ಇದೇನ್ರೀ, ಮನೇಲೇ ಸ್ಮಶಾನ ಇಟ್ಕೊಂಡಿದೀರಾ’ ಅಂತ ನಗುತ್ತಾರೆ. ಮದುವೆ, ಶಾಲಾ ವಾರ್ಷಿಕೋತ್ಸವ, ಕ್ರಿಕೆಟ್ ಮ್ಯಾಚಿನ ದೊಡ್ಡ ಪರದೆ ಅಂತ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಈ ಕಸುಬಿನಲ್ಲಿ ಲಾಭ ತಿನ್ನುವುದು ಲ್ಯಾಂಪು. ಹಾಗಾಗಿ ಅದು ಯಾಕೆ ಸಾಯುತ್ತದೆ ಅಂತ ತಿಳಿದುಕೊಳ್ಳದೆ ವಿಧಿ ಇರಲಿಲ್ಲ.

ಪೆಟ್ಟಿಗೆಯಲ್ಲಿರುವ ಮೊದಲನೆಯದು ಒಂದು ಆರತಕ್ಷತೆಯ ದಿನ ಹೋದದ್ದು. ಕಲ್ಯಾಣ ಮಂಟಪದಲ್ಲಿ ಗಂಡು ಹೆಣ್ಣಿನ ಫೋಟೊಗಳು ಪರದೆ ಮೇಲೆ ಓಡುತ್ತಿದ್ದವು. ಕರೆಂಟ್ ಹೋಯಿತು. ಒಂದು ನಿಮಿಷದೊಳಗೆ ಜನರೇಟರ್ ಬಂತು, ಲ್ಯಾಂಪ್ ಮಾತ್ರ ಹತ್ತಲಿಲ್ಲ. ನನ್ನ ಜೊತೆಗಿದ್ದ ಹುಡುಗ ಗಾಬರಿಯಲ್ಲಿ ಬಟನ್ ಒತ್ತಿದ, ಆರಿಸಿದ, ಮತ್ತೆ ಒತ್ತಿದ. ಕೊನೆಗೆ ಹತ್ತಿತು, ಅಷ್ಟರಲ್ಲಿ ಲೈನ್ ಕರೆಂಟ್ ವಾಪಸ್ ಬಂದು ಚೇಂಜ್ ಓವರ್ ಮಾಡಿದರು, ಮತ್ತೆ ಆರಿತು. ಮುಂದಿನ ಸಲ ಹತ್ತಿಸುವಾಗ ಒಳಗಿನಿಂದ ‘ಟಪ್’ ಅಂತ ಸದ್ದು. ಗಂಡಿನ ಸೋದರಮಾವ ತಿರುಗಿ ನೋಡಿ ‘ಏನಯ್ಯಾ, ಒಳಗೇ ಪಟಾಕಿ ಹಚ್ತೀಯಾ?’ ಅಂದರು. ಆ ಲ್ಯಾಂಪಿನ ಡಬ್ಬದ ಮೇಲೆ 4000 ಗಂಟೆ ಅಂತ ಇತ್ತು. ಉರಿದಿದ್ದು 900.

ಮಾರನೆಯ ದಿನ ಬಿಚ್ಚಿ ನೋಡಿದಾಗಲೇ ನನಗೆ ಗೊತ್ತಾಗಿದ್ದು, ನಾನು ಬಲ್ಬು ಅಂದುಕೊಂಡಿದ್ದು ಬರೀ ಕನ್ನಡಿ ಬಟ್ಟಲು. ನಿಜವಾದ ಬಲ್ಬು ಆ ಬಟ್ಟಲಿನ ನಡುವೆ ಕೂತ, ಕಾಬೂಲ್ ಕಡಲೆಯಷ್ಟು ಗಾತ್ರದ ಕ್ವಾರ್ಟ್ಜ್ ಗುಳ್ಳೆ. ಇದರಲ್ಲಿ ಮನೆಯ ಹಳೇ ಬಲ್ಬಿನ ಹಾಗೆ ತಂತಿ ಇಲ್ಲ. ಎರಡು ಟಂಗ್‌ಸ್ಟನ್ ಕಡ್ಡಿಗಳು ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಎದುರುಬದುರು ನಿಂತಿರುತ್ತವೆ, ಒಳಗೆ ಒಂದಿಷ್ಟು ಪಾದರಸ. ಹತ್ತಿಸುವ ಕ್ಷಣದಲ್ಲಿ ಬ್ಯಾಲಾಸ್ಟ್, ಅಂದರೆ ಲ್ಯಾಂಪಿಗೆ ಕರೆಂಟ್ ಕೊಡುವ ಸರ್ಕ್ಯೂಟ್, ಸಾವಿರಾರು ವೋಲ್ಟ್ ಹೊಡೆದು ಆ ಸಂದಿಯಲ್ಲಿ ಕಿಡಿ ಹಾರಿಸುತ್ತದೆ. ಪಾದರಸ ಆವಿಯಾಗಿ ಒಳಗಿನ ಒತ್ತಡ ವಾತಾವರಣದ ಸುಮಾರು 200 ಪಟ್ಟು ಏರುತ್ತದೆ. ಕಾರಿನ ಚಕ್ರದಲ್ಲಿ ನಾವು ತುಂಬಿಸುವ ಗಾಳಿಗೆ ಹೋಲಿಸಿದರೆ ಸುಮಾರು ನೂರು ಪಟ್ಟು. ಗುಳ್ಳೆಯ ಗೋಡೆ 900 ಡಿಗ್ರಿ ದಾಟುತ್ತದೆ. 1990ರ ದಶಕದಲ್ಲಿ ಫಿಲಿಪ್ಸ್ ಕಂಪನಿ ತಂದ ಯುಎಚ್‌ಪಿ ಎಂಬ ಈ ಬಗೆಯ ಲ್ಯಾಂಪೇ ಆಮೇಲೆ ಬಹುಪಾಲು ಪ್ರೊಜೆಕ್ಟರುಗಳ ಹೊಟ್ಟೆಗೆ ಸೇರಿತು.

ಈಗ ಆ ಮದುವೆ ಮನೆ ನೆನಪಿಸಿಕೊಳ್ಳಿ. ಲ್ಯಾಂಪ್ ಆರಿದ ತಕ್ಷಣ ಒಳಗೆ ಒತ್ತಡ ಇನ್ನೂ ಹಾಗೇ ಇದೆ. ಅಷ್ಟು ದಟ್ಟ ಆವಿಯಲ್ಲಿ ಕಿಡಿ ಹಾರುವುದಿಲ್ಲ. ತಣ್ಣಗಾಗಲಿ ಅಂತ ಕಾಯಬೇಕಾದ ಹೊತ್ತಿನಲ್ಲಿ ನಮ್ಮ ಹುಡುಗ ಹೊಡೆತದ ಮೇಲೆ ಹೊಡೆತ ಕೊಟ್ಟಿದ್ದ. ಕರೆಂಟಿನ ಜೊತೆ ಫ್ಯಾನೂ ನಿಂತಿದ್ದರಿಂದ ಕನ್ನಡಿ, ಗುಳ್ಳೆ, ಎರಡು ಕಡೆಯ ಬೆಸುಗೆ ಎಲ್ಲ ತಮ್ಮ ಶಾಖದಲ್ಲಿ ತಾವೇ ಬೆಂದಿದ್ದವು.

ಅಲ್ಲಿಂದ ಸತ್ತ ಲ್ಯಾಂಪನ್ನು ಎಸೆಯುವ ಮುಂಚೆ ಅದರ ಪೋಸ್ಟ್‌ಮಾರ್ಟಂ ಮಾಡುವ ಚಟ ಹತ್ತಿತು. ಗುಳ್ಳೆಯ ಒಳಗೆ ಕಪ್ಪು ಮಸಿ ಹಿಡಿದಿದ್ದರೆ ಅದು ಕಡ್ಡಿಯಿಂದ ಕಿತ್ತು ಹೋದ ಟಂಗ್‌ಸ್ಟನ್. ಪ್ರತಿ ಸಲ ಹತ್ತಿಸುವಾಗಲೂ ಚೂರು ಸವೆಯುತ್ತದೆ. ಗುಳ್ಳೆಯಲ್ಲಿ ಚಿಟಿಕೆಗಿಂತ ಕಡಿಮೆ ಬ್ರೋಮಿನ್ ಇಟ್ಟಿರುತ್ತಾರೆ, ಅದು ಗೋಡೆಗೆ ಕೂತ ಟಂಗ್‌ಸ್ಟನ್ನನ್ನು ಎತ್ತಿ ಮತ್ತೆ ಕಡ್ಡಿಗೆ ಮುಟ್ಟಿಸುತ್ತದೆ. ಆದರೆ ಆ ಕೆಲಸ ನಡೆಯಬೇಕಾದರೆ ಗೋಡೆ ಚೆನ್ನಾಗಿ ಬಿಸಿಯಾಗಬೇಕು. ಹತ್ತಿಸಿ ಐದೇ ನಿಮಿಷಕ್ಕೆ ಆರಿಸಿದರೆ ಮಸಿ ಉಳಿದುಬಿಡುತ್ತದೆ. ಅದಕ್ಕೇ ಹತ್ತಿಸಿದ ಮೇಲೆ ಕಾಲು ಗಂಟೆಯಾದರೂ ಆರಿಸಬಾರದು.

ಗುಳ್ಳೆಯ ಮೇಲ್ಭಾಗ ಹಾಲಿನಂತೆ ಬೆಳ್ಳಗಾಗಿ ಊದಿಕೊಂಡಿದ್ದರೆ ಕಥೆ ಉಲ್ಟಾ: ಅತಿ ಶಾಖ. ಮಲಗಿದ ಗುಳ್ಳೆಯಲ್ಲಿ ಬೆಂಕಿ ಮೇಲಕ್ಕೆ ಬಾಗುವುದರಿಂದ ಮೇಲ್ಗಡೆಯೇ ಮೊದಲು ಕೆಡುತ್ತದೆ. ಕ್ವಾರ್ಟ್ಜ್ ಹರಳುಗಟ್ಟಿ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ನಮ್ಮೂರಲ್ಲಿ ಇದಕ್ಕೆ ಒಂದು ಸ್ಥಳೀಯ ಕಾರಣವೂ ಇದೆ: ತೆಂಗಿನ ನಾರಿನ ಧೂಳು. ನಾರಿನ ಮಿಲ್ಲಿನ ಪಕ್ಕದ ಒಂದು ಸಭಾಂಗಣದಲ್ಲಿ ಮೂರು ತಿಂಗಳು ಬಿಟ್ಟಿದ್ದ ಪ್ರೊಜೆಕ್ಟರಿನ ಫಿಲ್ಟರ್ ತೆಗೆದರೆ ಕಂದು ಬಣ್ಣದ ಕಂಬಳಿ ಕೈಗೆ ಬಂತು. ಅದರೊಳಗಿನ ಲ್ಯಾಂಪ್ ಊದಿತ್ತು, ಒಡೆದಿರಲಿಲ್ಲ. ಇನ್ನೆರಡು ಮದುವೆ ಕಂಡಿದ್ದರೆ ಒಡೆಯುತ್ತಿತ್ತು.

ಈಗ ಫಿಲ್ಟರನ್ನು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬಿಚ್ಚುತ್ತೇನೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಒಂದು ಕಡ್ಡಿ ಅಡ್ಡ ಇಡುತ್ತೇನೆ, ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಸಿಕ್ಕಾಪಟ್ಟೆ ತಿರುಗಿ ಬೇರಿಂಗ್ ಹೋಗುತ್ತದೆ. ಗಾಳಿ ಹೊಡೆಯುವುದು ಒಳಗಿನಿಂದ ಹೊರಕ್ಕೆ.

ಇನ್ನು ಕರೆಂಟ್ ಹೋದಾಗ ಬ್ಯಾಟರಿಯಿಂದ ಓಡಿಸುವ ಯುಪಿಎಸ್ ಬಗ್ಗೆ. ಮೊದಲು ಅಗ್ಗ ಅಂತ ಕಂಪ್ಯೂಟರಿನ 600 ವಿಎ ಸಾಮರ್ಥ್ಯದ್ದು ತಂದೆ, ವ್ಯಾಟಿನಲ್ಲಿ ಅದು ಇನ್ನೂ ಕಡಿಮೆ. ಪ್ರೊಜೆಕ್ಟರ್ ಎಳೆಯುವುದೇ ಸುಮಾರು 300 ವ್ಯಾಟ್, ಮೇಲೆ ಲ್ಯಾಪ್‌ಟಾಪನ್ನೂ ಸಿಕ್ಕಿಸಿದ್ದೆ. ಕರೆಂಟ್ ಹೋದ ಕೂಡಲೇ ಅದು ಕುಂಯ್ ಅಂದು ತಾನೂ ಮಲಗಿತು. ಆಮೇಲೆ 1 ಕೆವಿಎದ್ದು ತೆಗೆದುಕೊಂಡು ಪ್ರೊಜೆಕ್ಟರಿಗೊಂದಕ್ಕೇ ಮೀಸಲಿಟ್ಟೆ. ಜನರೇಟರ್ ಹತ್ತುವ ತನಕ ಅದು ತಡೆದರೆ ಸಾಕು, ತಡೆಯುತ್ತದೆ. ನನ್ನ ಲ್ಯಾಂಪ್ ಖರ್ಚನ್ನು ಅತಿ ಹೆಚ್ಚು ಇಳಿಸಿದ್ದು ಇದೊಂದೇ ಖರೀದಿ. ಶಾಮಿಯಾನದವರು ಮೊದಮೊದಲು ‘ಇಷ್ಟು ಭಾರದ್ದು ಯಾಕಣ್ಣಾ ಹೊರ್ತೀಯಾ’ ಅನ್ನುತ್ತಿದ್ದರು.

ಶಾಲೆ ಕಾಲೇಜುಗಳಲ್ಲಿ ಕಷ್ಟವೇ ಬೇರೆ. ಒಂದು ಕಾಲೇಜಿನಲ್ಲಿ ವರ್ಷಕ್ಕೆ ಎರಡು ಲ್ಯಾಂಪ್ ಹೋಗುತ್ತಿತ್ತು. ಅರ್ಧ ದಿನ ಕೊನೇ ಬೆಂಚಿನಲ್ಲಿ ಕೂತು ನೋಡಿದೆ. ಪ್ರತಿ ಮೇಷ್ಟ್ರು ಪಾಠ ಮುಗಿದ ತಕ್ಷಣ ‘ಲ್ಯಾಂಪ್ ಉಳೀಲಿ’ ಅಂತ ಆರಿಸುತ್ತಾರೆ, ಹತ್ತು ನಿಮಿಷಕ್ಕೆ ಮುಂದಿನವರು ಬಂದು ಹತ್ತಿಸುತ್ತಾರೆ. ಸಂಜೆ ಅಟೆಂಡರ್ ಬಂದು ಗೋಡೆಯ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆಯುತ್ತಾನೆ, ಫ್ಯಾನ್ ಇನ್ನೂ ಭರ್ರ್ ಅನ್ನುತ್ತಿರುವಾಗಲೇ.

‘ಎರಡು ನಿಮಿಷ ಬಿಡಪ್ಪಾ, ಫ್ಯಾನ್ ನಿಲ್ಲಲಿ’ ಅಂದೆ.

‘ಸಾರ್, ಮೇನ್ ಬಿಟ್ಟು ಹೋದ್ರೆ ಪ್ರಿನ್ಸಿಪಾಲ್ರು ನನ್ನನ್ನೇ ಕೇಳ್ತಾರೆ’ ಅಂದ. ಅವನದೂ ತಪ್ಪಲ್ಲ. ಪ್ರಿನ್ಸಿಪಾಲರ ಹತ್ತಿರ ಹೋಗಿ, ಕಪ್ಪಾಗಿದ್ದ ಗುಳ್ಳೆಯನ್ನು ಮೇಜಿನ ಮೇಲಿಟ್ಟು ವಿವರಿಸಿದೆ. ಅರ್ಧ ಗಂಟೆಗಿಂತ ಕಡಿಮೆ ಬಿಡುವಿದ್ದರೆ ಆರಿಸಬೇಡಿ, ರಿಮೋಟಿನ ಬ್ಲ್ಯಾಂಕ್ ಬಟನ್ ಒತ್ತಿ ಪರದೆ ಕಪ್ಪು ಮಾಡಿ ಅಂದೆ. ಉರಿದ ಗಂಟೆಗಳು ಸ್ವಲ್ಪ ಹೆಚ್ಚಾದವು, ಲ್ಯಾಂಪ್ ಬದಲಿಸುವುದು ಕಡಿಮೆಯಾಯಿತು.

ಅಗ್ಗದ ಲ್ಯಾಂಪಿನ ಹುಚ್ಚು ನನಗೂ ಹಿಡಿದಿತ್ತು. ಕಂಪನಿ ಲ್ಯಾಂಪಿನ ಅರ್ಧ ಬೆಲೆಗೆ ಪಂಜರ (ಲ್ಯಾಂಪ್ ಕೂರುವ ಚೌಕಟ್ಟು) ಸಮೇತ ಸಿಗುತ್ತದೆ, ಬರೀ ಗುಳ್ಳೆ ಇನ್ನೂ ಅಗ್ಗ. ಒಮ್ಮೆ ಬರೀ ಗುಳ್ಳೆ ತಂದು ಹಳೇ ಕನ್ನಡಿ ಬಟ್ಟಲಿಗೆ ನಾನೇ ಕೂರಿಸಿದೆ. ಕಿಡಿಯ ಜಾಗ ಕನ್ನಡಿಯ ಫೋಕಸ್ ಬಿಂದುವಿನಲ್ಲಿ ಕೂದಲೆಳೆ ತಪ್ಪದೆ ಕೂರಬೇಕು, ನಾನು ಕೂರಿಸಿದ್ದು ಕಣ್ಣಂದಾಜಿನಲ್ಲಿ. ಹತ್ತಿತು, ಆದರೆ ಪರದೆಯ ಒಂದು ಮೂಲೆ ಸಂಜೆಗತ್ತಲು. ಆ ಸಾಹಸ ಮತ್ತೆ ಮಾಡಿಲ್ಲ. ಪಂಜರ ಸಮೇತದ ನಕಲಿಗಳಲ್ಲಿ ಕೆಲವು ಪರವಾಗಿಲ್ಲ, ಕೆಲವು ಬ್ಯಾಲಾಸ್ಟಿಗೆ ಹೊಂದದೆ ಮಿಣುಕುತ್ತಾ ಕೊನೆಗೆ ಬ್ಯಾಲಾಸ್ಟನ್ನೂ ಜೊತೆಗೆ ಕರೆದುಕೊಂಡು ಹೋದವು. ಈಗ ಕಂಪನಿಯದನ್ನೇ ಹಾಕುತ್ತೇನೆ. ಹಾಕುವಾಗ ಗಾಜು ಮುಟ್ಟುವುದಿಲ್ಲ, ಕೈ ಬೆವರಿನ ಉಪ್ಪು ಕಾದ ಕ್ವಾರ್ಟ್ಜನ್ನು ತಿನ್ನುತ್ತದೆ.

ಇದನ್ನು ಹೇಳಿಕೊಟ್ಟವರು ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ನಮ್ಮ ಬೀದಿಯ ಒಬ್ಬ ಯಜಮಾನರು. ಕಾರ್ಬನ್ ಕಡ್ಡಿ ಉರಿಸಿ ಸಿನಿಮಾ ತೋರಿಸಿದ ಕಾಲದವರು, ಆಮೇಲೆ ಕ್ಸೆನಾನ್ ಅನಿಲದ ಲ್ಯಾಂಪ್ ಕಂಡವರು. ಕ್ಸೆನಾನ್ ತಣ್ಣಗಿದ್ದಾಗಲೂ ಒಳಗೆ ಒತ್ತಡ ಇರುವುದರಿಂದ ಮುಖಕವಚ, ದಪ್ಪ ಗ್ಲೌಸ್ ಇಲ್ಲದೆ ಹತ್ತಿರ ಹೋಗುತ್ತಿರಲಿಲ್ಲವಂತೆ. ‘ನಿಂದು ಬಿಡೋ ತಮ್ಮಾ, ಆಟದ ಸಾಮಾನು’ ಅನ್ನುತ್ತಾರೆ.

ಆಟದ ಸಾಮಾನೇ ಇರಬಹುದು, ಒಡೆದರೆ ಮಾತ್ರ ಪಾದರಸದ ಆವಿ ಹೊರಬರುತ್ತದೆ. ಮದುವೆ ಮನೆಯಲ್ಲಿ ನಾವು ಬಗ್ಗಿ ಮೂಸಿ ನೋಡಿದ್ದೆವು, ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಒಡೆದ ಸದ್ದು ಕೇಳಿದರೆ ಪ್ಲಗ್ ಕಿತ್ತು, ಕಿಟಕಿ ಬಾಗಿಲು ತೆಗೆದು, ಮಕ್ಕಳನ್ನೂ ಬಸುರಿಯರನ್ನೂ ಮೊದಲು ಹೊರಗೆ ಕಳಿಸಿ. ಪೊರಕೆ, ವ್ಯಾಕ್ಯೂಮ್ ಬೇಡ. ಗಾಳಿಯಾಡಿದ ಮೇಲೆ ಚೂರುಗಳನ್ನು ಒದ್ದೆ ಕಾಗದದಲ್ಲಿ ಒತ್ತಿ ತೆಗೆದು ಮುಚ್ಚಳದ ಡಬ್ಬಕ್ಕೆ ಹಾಕಿ, ಇ-ತ್ಯಾಜ್ಯದವರಿಗೆ ಕೊಡಿ. ನನ್ನ ಪೆಟ್ಟಿಗೆಯಲ್ಲಿ ಇರುವುದು ಒಡೆಯದ ಗುಳ್ಳೆಗಳು ಮಾತ್ರ. ಆ ಮೊದಲನೆಯದರದ್ದು ಖಾಲಿ ಪಂಜರವಷ್ಟೇ.

ಡಬ್ಬದ ಮೇಲಿನ 4000 ಗಂಟೆಯ ಗುಟ್ಟನ್ನೂ ಹೇಳಿಬಿಡುತ್ತೇನೆ. ಅಷ್ಟು ಹೊತ್ತಿಗೆ ಅರ್ಧದಷ್ಟು ಲ್ಯಾಂಪುಗಳ ಬೆಳಕು ಅರ್ಧಕ್ಕೆ ಇಳಿದಿರುತ್ತದೆ ಅಂತ ಅದರರ್ಥ. ಅಲ್ಲಿಗೆ ಆರಿಹೋಗುತ್ತದೆ ಅಂತಲೂ ಅಲ್ಲ, ಅಲ್ಲಿಯವರೆಗೆ ಗ್ಯಾರಂಟಿ ಅಂತಲೂ ಅಲ್ಲ. ಅಷ್ಟಾದ ಮೇಲೂ ಗಂಟೆ ಎಣಿಕೆಯನ್ನು ಸೊನ್ನೆಗೆ ತಂದು ಹಳೇ ಲ್ಯಾಂಪನ್ನೇ ಓಡಿಸುವವರಿದ್ದಾರೆ. ಮುದಿ ಗುಳ್ಳೆ ಒಡೆಯುವ ಸಂಭವ ಹೆಚ್ಚು, ಒಡೆದ ಚೂರು ಪಕ್ಕದ ಭಾಗಗಳನ್ನೂ ಗೀಚುತ್ತದೆ.

ಆ ಕಾಲೇಜಿನ ಪ್ರೊಜೆಕ್ಟರಿನ ಎಣಿಕೆ ಈಗ 4100 ತೋರಿಸುತ್ತಿದೆ. ಬೆಳಕು ಹಳದಿಗೆ ತಿರುಗಿದೆ, ಆದರೂ ಉರಿಯುತ್ತಿದೆ. ದಸರಾ ರಜೆಯಲ್ಲಿ ಬದಲಿಸುತ್ತೇನೆ ಅಂತ ಪ್ರಿನ್ಸಿಪಾಲರಿಗೆ ಹೇಳಿದೆ. ‘ಚೆನ್ನಾಗೇ ಇದೆಯಲ್ಲಾ, ಯಾಕ್ರೀ?’ ಅಂದರು. ಈ ಸಲ ಅವರ ಮೇಜಿನ ಮೇಲೆ ಇಟ್ಟದ್ದು ಆರತಕ್ಷತೆಯ ಆ ಖಾಲಿ ಪಂಜರ.