ಹೊಟ್ಟೆನೋವು ಅಂತ ಬಂದ ಇಬ್ರು ಮಕ್ಕಳು, ನಾನು ಮಾಡಿದ ತಪ್ಪು

ಹಾಸನದಲ್ಲಿ ಮಕ್ಕಳ ಕೌನ್ಸೆಲಿಂಗ್ ಮಾಡ್ತೀನಿ, ಜಾಸ್ತಿ ಬರೋದು ಸಕಲೇಶಪುರ, ಆಲೂರು, ಬೇಲೂರು ಕಡೆಯವ್ರು. ಹೋದ ವರ್ಷ ಒಂದೇ ತಿಂಗಳಲ್ಲಿ ಇಬ್ರು ಮಕ್ಕಳು ಬಂದ್ರು, ಏಳು ವರ್ಷದ ಹುಡುಗ, ಆರು ವರ್ಷದ ಹುಡುಗಿ (ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯಿಸಿದ್ದೀನಿ). ಇಬ್ರಿಗೂ ಸ್ಕೂಲ್ ಇರೋ ದಿನ ಬೆಳಿಗ್ಗೆ ಹೊಟ್ಟೆನೋವು. ಜಂತುಹುಳದ ಔಷಧಿ ಆಗಿತ್ತು, ಸ್ಕ್ಯಾನ್ ಆಗಿತ್ತು, ಯಂತ್ರ ಕಟ್ಸಿದ್ದೂ ಆಗಿತ್ತು.

ಹುಡುಗಂಗೆ ಎಡಿಎಚ್‌ಡಿ (ಗಮನ ನಿಲ್ಲದೆ, ಸುಮ್ನೆ ಕೂರೋಕಾಗದೆ ಇರೋ ತೊಂದರೆ) ಅಂತ ಮನೋವೈದ್ಯರು ಮೊದ್ಲೇ ಹೇಳಿದ್ರು. ಅಲ್ಲೇ ನಾನು ಎಡವಿದ್ದು. ಹೋಂವರ್ಕ್ ಮಾಡ್ಲಿಲ್ಲ, ಎಡಿಎಚ್‌ಡಿ. ತಂಗಿಗೆ ಹೊಡ್ದ, ಎಡಿಎಚ್‌ಡಿ. ರಾತ್ರಿ ನಿದ್ದೆ ಇಲ್ಲ, ಅದೂ ಎಡಿಎಚ್‌ಡಿನೇ, ಎಲ್ಲಾನೂ ಒಂದೇ ಖಾತೆಗೆ ಬರ್ಕೊಂಡು ಹೋದೆ. ಅಪ್ಪ ಅಮ್ಮ ಫಾರಂ ತುಂಬಿದ್ರು, ಟೀಚರ್ ತುಂಬಿದ್ರು, ಅವನನ್ನ ಮಾತ್ರ ಯಾರೂ ಏನೂ ಕೇಳಿರ್ಲಿಲ್ಲ, ನಾನೂ ಸೇರಿ. 1999ರಲ್ಲಿ ಬಂದ ಅಮೆರಿಕದ ಎಂಟಿಎ ಅನ್ನೋ ದೊಡ್ಡ ಚಿಕಿತ್ಸಾ ಸ್ಟಡಿನಲ್ಲಿ ಎಡಿಎಚ್‌ಡಿ ಇದ್ದ 579 ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವ್ರಿಗೆ ಆತಂಕದ ಕಾಯಿಲೆನೂ ಜೊತೆಗಿತ್ತು, ಇದನ್ನ ಪರೀಕ್ಷೆಗೆ ಬಾಯಿಪಾಠ ಮಾಡಿದೋಳು ನಾನೇ, ಮಗು ಎದುರಿಗೆ ಕೂತಾಗ ನೆನಪಾಗ್ಲಿಲ್ಲ.

ಮೂರು ತಿಂಗಳು ಸ್ಟಾರ್ ಚಾರ್ಟ್ (ಹೇಳಿದ್ದು ಮಾಡಿದ್ರೆ ಒಂದು ಸ್ಟಾರ್) ಅಂಟಿಸಿದ ಮೇಲೆ ಒಂದಿನ ಬಾಲ್ ಆಡ್ತಾ ಆಡ್ತಾ ಕೇಳ್ದ, "ಮಿಸ್, ನಾನು ಇಲ್ದೇ ಇದ್ರೆ ಅಮ್ಮಂಗೆ ತಲೆನೋವು ಬರಲ್ಲ ಅಲ್ವಾ?"

ಬಾಲ್ ಕೆಳಗಿಟ್ಟು ಅವನ ಪಕ್ಕ ಚಾಪೆ ಮೇಲೆ ಕೂತೆ. ಇಲ್ದೇ ಇದ್ರೆ ಅಂದ್ರೆ ಏನು ಪುಟ್ಟ, ಸತ್ತೋಗ್ಬೇಕು ಅನ್ಸುತ್ತಾ ಅಂತ ನೇರವಾಗೇ ಕೇಳ್ದೆ. ಕೇಳಿದ್ರೆ ಆ ಯೋಚನೆ ತಲೆಗೆ ಹಾಕ್ದಂಗಾಗುತ್ತೆ ಅಂತ ತುಂಬಾ ಜನ ಹೆದರ್ತಾರೆ, ಹಂಗಾಗಲ್ಲ. ಅವನು ಇಲ್ಲ ಅಂದ, ಅಜ್ಜಿ ಮನೆಗೆ ಹೋಗ್ಬಿಡೋಣ ಅಂತಿದ್ನಂತೆ. ಆದ್ರೂ ಅವತ್ತೇ ಅಪ್ಪ ಅಮ್ಮಂಗೆ ಹೇಳ್ದೆ, ಡಾಕ್ಟ್ರಿಗೆ ಫೋನ್ ಮಾಡ್ದೆ, ರಾತ್ರಿ ನಾನು ಸಿಗದಿದ್ರೆ ಇರ್ಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅಮ್ಮನ ಮೊಬೈಲಲ್ಲಿ ಸೇವ್ ಮಾಡಿಸ್ದೆ.

ಇದು ಡಿಪ್ರೆಶನ್ (ಖಿನ್ನತೆ) ಇರ್ಬೋದು ಅಂದಿದ್ದನ್ನ ಅವನ ತಾತ ಮಾತ್ರ ಒಪ್ಲಿಲ್ಲ. "ಇಷ್ಟುದ್ದ ಹುಡ್ಗಂಗೆ ಎಂತ ಡಿಪ್ರೆಶನ್ನು ಮೇಡಂ, ಸಾಲ ಇದ್ಯಾ ಸಂಸಾರ ಇದ್ಯಾ?" ನಗು ಬಂತು, ಆದ್ರೆ ತಾತ ಒಬ್ರೇ ಅಲ್ಲ, ಎಷ್ಟೋ ಓದಿರೋರೂ ಇದನ್ನೇ ಕೇಳ್ತಾರೆ. ಚಿಕ್ಕ ಮಕ್ಕಳಲ್ಲಿ ಡಿಪ್ರೆಶನ್ ಅಂದ್ರೆ ಯಾವಾಗ್ಲೂ ಸಪ್ಪೆ ಮುಖ ಅಲ್ಲ, ಸಿಡುಕೂ ಆಗ್ಬೋದು. ಎಡಿಎಚ್‌ಡಿ ಮಗುಗೂ ಸಿಡುಕು ಇರುತ್ತೆ, ಅದಕ್ಕೇ ಗೊತ್ತಾಗಲ್ಲ. ನಾನು ಈಗ ಎರಡು ವಿಷಯ ಕೇಳ್ತೀನಿ. ಯಾವಾಗಿಂದ? ಅವನ ಚೇಷ್ಟೆ ಅಂಬೆಗಾಲಿಂದ ಇತ್ತು, ಈ ಸಿಡುಕು ದಸರಾ ರಜೆ ಆದ್ಮೇಲೆ ಶುರುವಾಗಿದ್ದು. ಇನ್ನೊಂದು, ಇಷ್ಟದ್ದು ಕೊಟ್ರೆ ಏನಾಗುತ್ತೆ? ಮೊದ್ಲು ಎಷ್ಟೇ ಕಿರುಚಾಡಿದ್ರೂ ಐದು ನಿಮಿಷಕ್ಕೆ ಮರೆತು ಕ್ರಿಕೆಟ್‌ಗೆ ಓಡ್ತಿದ್ದ, ಈಗ ಗೆಳೆಯರು ಬಂದು ಕರೆದ್ರೂ ಬೇಡ ಅಂತಿದ್ದ, ಒಬ್ಬಟ್ಟು ಮುಟ್ತಿರ್ಲಿಲ್ಲ.

ಅವನ ಎಡಿಎಚ್‌ಡಿ ಮಾತ್ರೆ ವಿಷಯ ಡಾಕ್ಟ್ರು ನೋಡ್ಕೊಂಡ್ರು, ಹಸಿವು ಕಮ್ಮಿ ಆಗೋದು, ಸಂಜೆ ಮಾತ್ರೆ ಇಳಿಯೋ ಹೊತ್ತಿಗೆ ಅಳು ಬರೋದು ಕೆಲವು ಮಕ್ಕಳಲ್ಲಿ ಔಷಧಿಯಿಂದಾನೂ ಇರುತ್ತೆ, ಅದನ್ನೂ ಅವರೇ ನೋಡ್ಬೇಕು. ನಾನು ಅಮ್ಮಂಗೆ ಒಂದು ಲೋಟ, ಒಂದಿಷ್ಟು ಹುಣಸೆ ಬೀಜ ಕೊಟ್ಟು, ಮನೇಲಿ ಯಾರೇ ಅವನನ್ನ ಬೈದ್ರೂ ಒಂದು ಬೀಜ ಹಾಕಿ ಅಂದೆ. ಒಂದೇ ದಿನಕ್ಕೆ ನಲವತ್ಮೂರು. ಅಮ್ಮ ಲೋಟ ಟೇಬಲ್ ಮೇಲಿಟ್ಟು ಅತ್ರು. ಅವರು ಕೆಟ್ಟ ಅಮ್ಮ ಅಲ್ಲ ಕಣ್ರೀ, ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ತಟ್ಟಿ ಇಬ್ರು ಮಕ್ಕಳನ್ನ ಬಸ್ಸಿಗೆ ಹತ್ತಿಸೋರು, ಅಷ್ಟೇ. ಬೈಗುಳ ನಿಲ್ಲಿಸಿ ಅಂತ ನಾನು ಹೇಳ್ಲಿಲ್ಲ, ಆಗದ ಮಾತು. ದಿನಕ್ಕೆ ಹತ್ತು ನಿಮಿಷ ಅವನು ಹೇಳಿದ ಆಟ ಆಡಿ, ತಪ್ಪು ತಿದ್ದಬೇಡಿ ಅಂದೆ. ಈಗ ಅದೇ ಬೀಜದಲ್ಲಿ ಅಳಗುಳಿಮಣೆ ಆಡ್ತಾರೆ, ಅವನು ಮೋಸ ಮಾಡ್ತಾನಂತೆ, ನಂಗೆ ಕೇಳಿ ಖುಷಿ ಆಯ್ತು.

ಹುಡುಗಿದು ಉಲ್ಟಾ. ಕ್ಲಾಸಲ್ಲಿ ಕಿಟಕಿ ಕಡೆನೇ ನೋಡ್ತಾಳೆ, ಎಡಿಎಚ್‌ಡಿ ಇರ್ಬೋದು ಅಂತ ಟೀಚರ್ ಡೈರಿಲಿ ಬರ್ದಿದ್ರು. ಎಡಿಎಚ್‌ಡಿ ಆದ್ರೆ ಮನೆ, ಸ್ಕೂಲು ಅಂತ ಒಂದಕ್ಕಿಂತ ಹೆಚ್ಚು ಕಡೆ ಕಾಣ್ಬೇಕು, ಇವಳು ಭಾನುವಾರ ಒಂದು ಗಂಟೆ ತಲೆ ಎತ್ತದೆ ಚುಕ್ಕಿ ರಂಗೋಲಿ ಹಾಕೋಳು. ಈ ಸಲ ಮಗುನ್ನೇ ಕೇಳ್ದೆ. ಅಪ್ಪನ ಚಿತ್ರ ಬರ್ದು ಪಕ್ಕದಲ್ಲಿ ಕಾಗದ ತುಂಬೋಷ್ಟು ದೊಡ್ಡ ಆನೆ ಬರ್ದಳು. ಅಪ್ಪ ಕಾಫಿ ತೋಟದಲ್ಲಿ, ಆನೆ ಇದೆ ಅಂತ ಫಾರೆಸ್ಟ್‌ನವರ ಮೆಸೇಜು ಮೊಬೈಲಿಗೆ ಬರುತ್ತೆ, ಪಕ್ಕದೂರಲ್ಲಿ ಆನೆಯಿಂದ ಒಬ್ರು ಸತ್ತಿದ್ರು ಬೇರೆ. ಆತಂಕದ ಚಿಕಿತ್ಸೆ ಬಗ್ಗೆ ಪುಸ್ತಕದಲ್ಲಿ ಇರೋ ಹಾಗೆ "ಏನೂ ಆಗಲ್ಲ ಅಂತ ಪರೀಕ್ಷೆ ಮಾಡಿ ನೋಡೋಣ" ಅನ್ನೋಕೆ ಇಲ್ಲಿ ಆಗಲ್ಲ, ಆನೆ ನಿಜವಾಗ್ಲೂ ಇದೆಯಲ್ಲ.

ಅದಕ್ಕೆ ಆನೆ ಬರಲ್ಲ ಅಂತ ಸುಳ್ಳು ಹೇಳೋದು ಬಿಡಿಸ್ದೆ. ಬೆಳಿಗ್ಗೆ ಮೆಸೇಜ್ ಒಂದೇ ಸಲ ಅಪ್ಪನ ಜೊತೆ ನೋಡೋದು, ಆನೆ ಹತ್ರ ಇದ್ರೆ ಅಪ್ಪ ಏನು ಮಾಡ್ತಾರೆ ಅಂತ ಅವರೇ ಹೇಳೋದು. ಮಧ್ಯಾಹ್ನ ಊಟದ ಹೊತ್ತಿಗೆ ಟೀಚರ್ ಫೋನಿಂದ ಅಪ್ಪಂಗೆ ಒಂದು ಕಾಲ್, ಮೊದಲೆರಡು ವಾರ ದಿನಾ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು. ಮಧ್ಯೆ ಎರಡು ಸಲ ಕೆಟ್ಟೋಯ್ತು, ಮತ್ತೆ ಮೊದಲಿಂದ ಶುರು ಮಾಡಿದ್ವಿ. ಈಗ ಫೋನ್ ಕಾಲ್ ಇಲ್ದೇ ಕ್ಲಾಸಲ್ಲಿ ಕೂರ್ತಾಳೆ. ಭತ್ತ ಹಣ್ಣಾದಾಗ ಆನೆ ಮತ್ತೆ ಗದ್ದೆಗೆ ಇಳಿಯುತ್ವೆ, ಅದಕ್ಕೇ ನವೆಂಬರ್‌ಗೆ ಒಂದು ಡೇಟ್ ಈಗ್ಲೇ ಕೊಟ್ಟಿದ್ದೀನಿ.