ಘಟ್ಟ ಹತ್ತುವ ಮುಂಚೆ ಅಂಬಾಸಿಡರಿನ ರೇಡಿಯೇಟರ್ ನೋಡಿಕೊಳ್ಳುವ ಬಗೆ

ನಮ್ಮ ಮನೆಯ ಅಂಬಾಸಿಡರ್ 1986ರ ಮಾರ್ಕ್ 4. ಪೆಟ್ರೋಲ್ ಗಾಡಿ, 1489 ಸಿಸಿ. ಅಪ್ಪಯ್ಯ ಅಡಿಕೆ ಮಾರಿದ ದುಡ್ಡಲ್ಲಿ ಕೊಂಡಿದ್ದು. ಅವರು ಹೋದ ಮೇಲೆ ಕೀಲಿ ನನ್ನ ಕೈಗೆ ಬಂತು. ಜೊತೆಗೆ ಗಾಡಿಯ ಜ್ವರವೂ ಬಂತು.

ಮೊದಲ ಏಪ್ರಿಲ್‌ನಲ್ಲೇ ಪಾಠವಾಯಿತು. ಗೋಕರ್ಣಕ್ಕೆ ಹೋಗಿ ಶಿರಸಿಗೆ ವಾಪಸ್ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಆಯಿ, ಅಕ್ಕ, ಅವಳ ಇಬ್ಬರು ಮಕ್ಕಳು. ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ. ಕತಗಾಲ ದಾಟಿ ದೇವಿಮನೆ ಘಟ್ಟದ ಅರ್ಧಕ್ಕೆ ಬರುವಷ್ಟರಲ್ಲಿ ಎಂಜಿನ್ ಬಿಸಿ ತೋರಿಸುವ ಗೇಜಿನ ಮುಳ್ಳು ತುದಿ ಮುಟ್ಟಿತ್ತು. ನಾನು ಬಾನೆಟ್ ಎತ್ತಿದವನೇ ಟವೆಲ್ ಹಿಡಿದು ರೇಡಿಯೇಟರ್ ಮುಚ್ಚಳ ತಿರುಗಿಸಿದೆ. ಮೊಣಕೈವರೆಗೆ ಬೆಂದುಹೋಯಿತು. ಗುರುತು ಈಗಲೂ ಇದೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ಇದು: ಕಾದ ಗಾಡಿಯ ಮುಚ್ಚಳ ಮುಟ್ಟಬೇಡಿ. ಎಂಜಿನ್ ಆರಿಸಿ, ಬಾನೆಟ್ ತೆಗೆದಿಟ್ಟು ಅರ್ಧ ಗಂಟೆಗೂ ಜಾಸ್ತಿ ಕಾಯಿರಿ. ಬರಿಗೈಯಲ್ಲಿ ಮೇಲಿನ ಹೋಸ್ ಹಿಡಿಯಲು ಆಗುವಂತಿದ್ದರೆ ಮಾತ್ರ ಮುಂದಿನ ಕೆಲಸ. ಕಾದ ಎಂಜಿನ್ನಿಗೆ ತೊರೆಯ ತಣ್ಣೀರು ಸುರಿಯುವುದೂ ಬೇಡ. ಎರಕದ ಕಬ್ಬಿಣ ಬಿರುಕು ಬಿಟ್ಟರೆ ಖರ್ಚು ಬೇರೆಯೇ ಲೆಕ್ಕ.

ಆಮೇಲೆ ನೀರು ಖಾಲಿ ಮಾಡಿ ನೋಡಿದರೆ ಬಂದದ್ದು ಥೇಟ್ ಜೋನಿ ಬೆಲ್ಲ. ಅಷ್ಟು ಕೆಂಪು, ಅಷ್ಟೇ ಮಂದ. ವರ್ಷಗಟ್ಟಲೆ ನಾವು ಬೋರಿನ ನೀರನ್ನೇ ಹೊಯ್ಯುತ್ತಿದ್ದೆವು. ಬಚ್ಚಲ ಹಂಡೆಯೊಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ವಾ? ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಅದರ ಮೇಲೆ ಎಂಜಿನ್ ಬ್ಲಾಕಿನ ತುಕ್ಕು ಕೂರುತ್ತದೆ. ಹೊರಗೆ ಗಾಳಿ ಎಷ್ಟು ಬೀಸಿದರೂ ಒಳಗಿನ ಬಿಸಿ ಹೊರಗೆ ಬರುವುದಿಲ್ಲ.

ನಾನು ಈ ಕೆಲಸಕ್ಕೆ ಕೂರುವುದು ದೀಪಾವಳಿ ಕಳೆದ ಮೇಲೆ, ಅಡಿಕೆಯ ಕೊನೆಕೊಯ್ಲು ಶುರುವಾಗುವ ಮುಂಚಿನ ಒಂದು ಭಾನುವಾರ. ಎಂಜಿನ್ ಪೂರ್ತಿ ತಣ್ಣಗಿರಬೇಕು. ರೇಡಿಯೇಟರಿನ ಕೆಳಗಿನ ನಲ್ಲಿ ತೆರೆಯಿರಿ. ಕಸ ಕಟ್ಟಿ ನೀರು ಬಾರದಿದ್ದರೆ ಕೆಳಗಿನ ಹೋಸನ್ನೇ ಬಿಚ್ಚಿ. ಎಂಜಿನ್ ಬ್ಲಾಕಿನ ಪಕ್ಕದಲ್ಲಿ, ಹಿಂದಕ್ಕೆ, ಇನ್ನೊಂದು ನಲ್ಲಿ ಇದೆ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ನಿಜವಾದ ಕೆಸರು ಇರುವುದು ಅಲ್ಲೇ. ನಲ್ಲಿ ತೆರೆದರೂ ಏನೂ ಬರಲಿಲ್ಲವೆಂದರೆ ನೀರಿಲ್ಲ ಅಂತಲ್ಲ, ತೂತು ಮುಚ್ಚಿದೆ ಅಂತ. ತಂತಿ ಹಾಕಿ ಕೆದಕಿ.

ಪದರ ಬಿಡಿಸಲು ನಾನು ಬಳಸುವುದು ಅಡುಗೆಮನೆಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಐದು ಲೀಟರ್ ನೀರಿಗೆ ಸುಮಾರು 100 ಗ್ರಾಂ. ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ) ತೆಗೆದಿಡಿ. ನಿಂಬೆ ಉಪ್ಪಿನ ನೀರು ತುಂಬಿ, ಅರ್ಧ ಗಂಟೆ ಎಂಜಿನ್ ಸುಮ್ನೆ ಓಡಲು ಬಿಡಿ. ತಣಿದ ಮೇಲೆ ಹೊರಚೆಲ್ಲಿ. ಆಮೇಲೆ ಒಂದು ಚಮಚ ಅಡಿಗೆ ಸೋಡಾ ಕದಡಿದ ನೀರಿನಲ್ಲಿ ಒಮ್ಮೆ, ಬರೀ ನೀರಿನಲ್ಲಿ ಎರಡು ಸಲ ತೊಳೆಯಿರಿ. ಈ ಎಂಜಿನ್ನಿನ ಬ್ಲಾಕೂ ಅದರ ಮೇಲೆ ಕೂರುವ ಹೆಡ್ಡೂ ಎರಕದ ಕಬ್ಬಿಣ, ರೇಡಿಯೇಟರ್ ತಾಮ್ರ ಹಿತ್ತಾಳೆಯದು. ಅದಕ್ಕೇ ನಾನು ಧೈರ್ಯ ಮಾಡಿದ್ದು. ಅಲ್ಯೂಮಿನಿಯಂ ಹೆಡ್ ಇರುವ ಗಾಡಿಗೆ ಹೀಗೆ ಮಾಡಬೇಡಿ.

ಒಂದು ಎಚ್ಚರಿಕೆ. ಹಳೆಯ ರೇಡಿಯೇಟರಿನಲ್ಲಿ ಸಣ್ಣ ತೂತುಗಳನ್ನು ಮುಚ್ಚಿಕೊಂಡಿರುವುದೇ ಆ ಪದರ. ನನ್ನದು ತೊಳೆದ ಮರುದಿನ ಎರಡು ಕಡೆ ತೊಟ್ಟಿಕ್ಕಿತು. ಬಿಚ್ಚಿ ಪೇಟೆಗೆ ಒಯ್ದೆ. ರೇಡಿಯೇಟರ್ ಕೆಲಸದವರು ಮೇಲಿನ ಟ್ಯಾಂಕ್ ಬಿಡಿಸಿ, ಕೊಳವೆಗಳಲ್ಲಿ ಸರಳು ಆಡಿಸಿ, ಬೆಸುಗೆ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುವುದಿಲ್ಲವೆಂದು ತೋರಿಸಿದರು. ಸೋರಿಕೆ ಮುಚ್ಚುವ ಪುಡಿ ಬಾಟಲಿಯಲ್ಲಿ ಸಿಗುತ್ತದೆ. ನಾನದನ್ನು ಹಾಕುವುದಿಲ್ಲ. ಅದು ತೂತನ್ನೂ ಮುಚ್ಚುತ್ತದೆ, ಕೊಳವೆಯನ್ನೂ ಮುಚ್ಚುತ್ತದೆ.

ಇನ್ನು ಥರ್ಮೋಸ್ಟಾಟ್. ನನ್ನ ಗಾಡಿಯಲ್ಲಿ ಅದು ಇರಲೇ ಇಲ್ಲ! ಯಾವುದೋ ಕಾಲದಲ್ಲಿ ಯಾರೋ ಮೇಸ್ತ್ರಿ ಬಿಸಾಡಿದ್ದರು. 'ನಮ್ಮ ಕಡೆ ಸೆಕೆ, ಅದ್ಯಾಕೆ ಬೇಕು' ಎನ್ನುವವರು ಈಗಲೂ ಇದ್ದಾರೆ. ಆದರೆ ಅದಿಲ್ಲದಿದ್ದರೆ ಶಿರಸಿಯ ಡಿಸೆಂಬರ್ ಬೆಳಿಗ್ಗೆ ಎಂಜಿನ್ ಬಿಸಿಯಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ಕೊಳವೆ ಕಟ್ಟಿದ್ದರೆ ಥರ್ಮೋಸ್ಟಾಟ್ ತೆಗೆದರೂ ಘಟ್ಟದಲ್ಲಿ ಕುದಿಯುವುದು ನಿಲ್ಲುವುದಿಲ್ಲ. ನನ್ನದೇ ಸಾಕ್ಷಿ.

ಹೊಸದು ತಂದರೆ ಹಾಕುವ ಮುಂಚೆ ಪರೀಕ್ಷೆ ಮಾಡಿ. ಪಾತ್ರೆಯಲ್ಲಿ ನೀರಿಟ್ಟು, ದಾರದಲ್ಲಿ ಥರ್ಮೋಸ್ಟಾಟ್ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ಕಾಯಿಸಿ. 82 ಎಂದು ಬರೆದಿದ್ದರೆ 82 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುಮಾಡಬೇಕು. ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಆಯಿಯ ಸಾರಿನ ಪಾತ್ರೆ ತೆಗೆದುಕೊಳ್ಳಬೇಡಿ, ನಾನು ಬೈಸಿಕೊಂಡಿದ್ದೇನೆ.

ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ತೆರೆದ ಪಾತ್ರೆಯ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟರೆ ಪ್ರತಿ ಪಿಎಸ್‌ಐಗೆ (ಒತ್ತಡದ ಅಳತೆ) ಕುದಿಯುವ ಮಟ್ಟ ಒಂದೂವರೆ ಡಿಗ್ರಿಯಷ್ಟು ಮೇಲೇರುತ್ತದೆ. ನನ್ನ ಮುಚ್ಚಳದ ಮೇಲೆ 7 ಎಂದಿದೆ. ಅಂದರೆ ಹತ್ತು ಡಿಗ್ರಿ ಲಾಭ. ರಬ್ಬರ್ ಬಿರಿದಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ ಆ ಲಾಭವೆಲ್ಲ ಹಬೆಯಾಗಿ ಹೋಯಿತು. ಹಾಗಂತ ಹೊಸ ಕಾಲದ ಕಾರಿನ 15ರ ಮುಚ್ಚಳ ಹಾಕಬೇಡಿ. ಹಳೆಯ ಬೆಸುಗೆ ತಡೆಯುವುದಿಲ್ಲ.

ಮತ್ತೆ ತುಂಬುವಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಎರಡು ಪಾಲು ಅದು, ಒಂದು ಪಾಲು ಹಳೆಯ ಬಗೆಯ ಹಸಿರು ಕೂಲಂಟ್. ನಮ್ಮೂರಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ನಮಗೆ ಬೇಕಾಗಿರುವುದು ತುಕ್ಕು ತಡೆ. ಈಗಿನ ಕಾರುಗಳ ಕೆಂಪು, ಕಿತ್ತಳೆ ಕೂಲಂಟುಗಳು ಬೆಸುಗೆ ಹಾಕಿದ ರೇಡಿಯೇಟರಿಗೆ ಹೊಂದುತ್ತವೆಂದು ಡಬ್ಬಿಯ ಮೇಲೆ ಬರೆದಿಲ್ಲದಿದ್ದರೆ ದೂರ ಇಡಿ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಳೆಯದನ್ನು ತೋಟಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ನಿಧಾನಕ್ಕೆ ತುಂಬಿ. ಮುಚ್ಚಳ ಹಾಕದೆಯೇ ಎಂಜಿನ್ ಓಡಿಸಿ, ಗುಳ್ಳೆ ಹೊರಬರಲಿ. ಥರ್ಮೋಸ್ಟಾಟ್ ತೆರೆದಾಗ ಮೇಲಿನ ಹೋಸ್ ಒಮ್ಮೆಗೇ ಬಿಸಿಯಾಗುತ್ತದೆ, ನೀರಿನ ಮಟ್ಟ ಇಳಿಯುತ್ತದೆ. ಆಗ ಮತ್ತಷ್ಟು ಹಾಕಿ, ಕುತ್ತಿಗೆಗಿಂತ ಒಂದು ಇಂಚು ಕೆಳಗೆ ನಿಲ್ಲಿಸಿ. ಕಂಠಮಟ್ಟ ತುಂಬಿದರೆ ಹಿಗ್ಗಿದ ನೀರು ಪೈಪಿನಿಂದ ರಸ್ತೆಗೆ ಹೋಗುತ್ತದೆ, ಸೋರುತ್ತಿದೆಯೆಂದು ನೀವು ಸುಮ್ಮನೆ ಗಾಬರಿಯಾಗುತ್ತೀರಿ.

ಹೋಸ್‌ಗಳನ್ನು ಹಿಸುಕಿ ನೋಡಿ. ಗಟ್ಟಿಯಾಗಿ ಚಟಚಟ ಎಂದರೆ ಬದಲಿಸಿ. ಮೆತ್ತಗಾಗಿ ಉಬ್ಬಿದರೂ ಅಷ್ಟೇ. ಫ್ಯಾನ್ ಬೆಲ್ಟನ್ನು ನಡುವೆ ಒತ್ತಿದರೆ ಅರ್ಧ ಇಂಚು ಬಗ್ಗಬೇಕು. ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ನೀರು ಜಿನುಗುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ಆ ತೂತು ಮುಚ್ಚಲು ಹೋಗಬೇಡಿ, ಪಂಪ್ ಬಿಚ್ಚಿಸಿ.

ಕುಮಟೆಯ ಭಾವನ ಬಳಿ ಪ್ರೀಮಿಯರ್ ಪದ್ಮಿನಿ ಇದೆ. ಅವನ ಕಷ್ಟ ಬೇರೆ. ಕಡಲ ಗಾಳಿಯ ಉಪ್ಪು ರೇಡಿಯೇಟರಿನ ಮುಂದಿನ ರೆಕ್ಕೆಗಳನ್ನು ತಿನ್ನುತ್ತದೆ. ಮುಟ್ಟಿದರೆ ತೊಡದೇವಿನ ಹಾಗೆ ಪುಡಿಯಾಗುತ್ತವೆ. ಅವನು ವಾರಕ್ಕೊಮ್ಮೆ ಸಿಹಿನೀರಿನಲ್ಲಿ, ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ತೊಳೆಯುತ್ತಾನೆ. ಜೋರು ಪ್ರೆಶರಿನ ನೀರು ಬಿಟ್ಟರೆ ರೆಕ್ಕೆ ಮಡಚಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿಯೂ ಕುದಿಯುತ್ತಿದೆಯೇ? ಮೊದಲು ಇಗ್ನಿಶನ್ ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರುವ ಹೊತ್ತು) ನೋಡಿಸಿ, ಅದು ಹಿಂದೆ ಬಿದ್ದಿದ್ದರೂ ಎಂಜಿನ್ ಕಾಯುತ್ತದೆ. ಆಮೇಲೆ ಆಯಿಲ್ ಮುಚ್ಚಳದ ಒಳಮೈ ನೋಡಿ. ತಂಬುಳಿ ಬಳಿದಂತೆ ಕಂಡರೆ, ಅಥವಾ ತಣ್ಣಗಿನ ಎಂಜಿನ್ ಶುರುಮಾಡಿದ ಕೂಡಲೇ ರೇಡಿಯೇಟರ್ ಬಾಯಲ್ಲಿ ಒಂದೇ ಸಮ ಗುಳ್ಳೆ ಬಂದರೆ, ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿರಬೇಕು. ಅದು ಅಂಗಳದಲ್ಲಿ ಕೂತು ಮಾಡುವ ಕೆಲಸವಲ್ಲ. ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ.